ರಾಜನ ಕತ್ತಿನ ಕೆಳಗಿನ ಅಂಚು

ನನ್ನ ಬೆರಳುಗಳು ಬೆವರುತ್ತವೆ. ಇದನ್ನು ಇದುವರೆಗೆ ನನ್ನ ದಿನಚರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ನಾಣ್ಯ ನೋಡುವವಳ ಬೆರಳು ಬೆವರಬಾರದು. ಬೆಳ್ಳಿ ಬೆವರನ್ನು ಮರೆಯುವುದಿಲ್ಲ. ತಾಗಿದ ದಿನ ಏನೂ ಕಾಣದು. ಒಂದು ಮಳೆಗಾಲ ಕಳೆಯಲಿ, ಬೆರಳಿನ ಸುರುಳಿ ಸುರುಳಿಯೂ ಕಂದು ಬಣ್ಣದಲ್ಲಿ ಎದ್ದು ಬರುತ್ತದೆ. ಆಮೇಲೆ ಅದನ್ನು ತೆಗೆಯಲು ಹೋದರೆ ನಾಣ್ಯವೇ ಕೆಡುತ್ತದೆ. ಹಾಗಾಗಿ ಮೇಜಿನ ಕೆಳಗೆ ವೇಲಿಗೆ ಬೆರಳು ಒರೆಸಿಕೊಳ್ಳುವುದು ನನ್ನ ಗುಟ್ಟಿನ ಅಭ್ಯಾಸ.

ಇವತ್ತು ಒರೆಸಿದಷ್ಟೂ ಬೆವರುತ್ತಿತ್ತು.

ಮೇಜಿನ ಮೇಲೆ ಕಪ್ಪು ಮಖಮಲ್ಲು. ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ, ನಿನ್ನೆ ನನ್ನ ಅಮ್ಮನ, ನಮ್ಮ ಮನೆಮಾತಿನಲ್ಲಿ ಆಯಿಯ, ಟ್ರಂಕಿನಲ್ಲಿ ಪೊಲೀಸರಿಗೆ ಸಿಕ್ಕಿದ ಬೆಳ್ಳಿ ರೂಪಾಯಿ.

“ನೋಡಿ ಹೇಳ್ಬಿಡಿ ಮೂರ್ತಿಯವ್ರೇ,” ಎಂದರು ಸಬ್ ಇನ್‌ಸ್ಪೆಕ್ಟರ್ ಕೃಷ್ಣಕುಮಾರ್. ತೀರ್ಥಹಳ್ಳಿಯಿಂದ ಜೀಪಿನಲ್ಲಿ ಬಂದವರು ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು. “ಕಳುವಾದ ರೂಪಾಯಿ ಇದೇ ಅಂದ್ರೆ ಸಂಜೆಯೊಳಗೆ ಆ ಹೆಂಗಸನ್ನ ಕೋರ್ಟಿಗೆ ಹಾಜರು ಮಾಡ್ತೀನಿ. ಅಲ್ಲ ಅಂದ್ರೆ ಮನೆಗೆ ಕಳಿಸ್ತೀನಿ. ನಂಗೆ ಇದ್ರ ತಲೇನೂ ಗೊತ್ತಿಲ್ಲ, ಬುಡಾನೂ ಗೊತ್ತಿಲ್ಲ.”

“ತಲೆ ವಿಲಿಯಂ ರಾಜಂದು ಸರ್. ಬುಡ ನಾ ನೋಡ್ತೀನಿ,” ಎಂದು ಈ ನಾಣ್ಯದಂಗಡಿಯ ಯಜಮಾನ ಗಣೇಶಮೂರ್ತಿ ಮಾವ ನಕ್ಕರು.

ಇನ್‌ಸ್ಪೆಕ್ಟರ್ ನನ್ನ ಕಡೆ ನೋಡಿ ಸಣ್ಣಗೆ ಕೆಮ್ಮಿದರು. ‘ಆ ಹೆಂಗಸು’ ಅಂದದ್ದು ಯಾರ ಮುಂದೆ ಎಂದು ಅವರಿಗೆ ಆಗ ನೆನಪಾಗಿರಬೇಕು. “ಇವ್ರು ಸ್ವಲ್ಪ ಹೊರಗೆ ಕೂತ್ರೆ ಒಳ್ಳೇದಲ್ವಾ?”

“ಹೊರಗೆ ಕಳ್ಸಿದ್ರೆ ನಂಗೆ ದೀಪ ಹಿಡಿಯೋರು ಯಾರು ಸರ್? ಹೆದ್ರಬೇಡಿ. ನಮ್ಮ ಸಮೀಕ್ಷಾ ಬಾಯಿ ಬಿಡೋಳಲ್ಲ. ಇವಳ ದನಿ ಕೇಳಿದ ಗಿರಾಕಿ ಸಾಗರದಲ್ಲಿ ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ಒಂದು ನಾಣ್ಯ ಪುಕ್ಕಟೆ ಕೊಡ್ತೀನಿ.”

ಇನ್‌ಸ್ಪೆಕ್ಟರ್ ನಗಲಿಲ್ಲ. ನಾನು ದೀಪದ ಕುತ್ತಿಗೆ ಬಗ್ಗಿಸಿದೆ.

ಈ ಅಂಗಡಿಯ ಒಂದು ಗುಟ್ಟು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಕಳೆದ ವರ್ಷದಿಂದ ಮೂರ್ತಿ ಮಾವನ ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆ ಎಂದರೆ ಅವರಿಗೆ ಭಯ. ಕಣ್ಣು ಹೋಗಿದೆ ಎಂದು ಪೇಟೆಗೆ ತಿಳಿದೀತೆಂಬ ಭಯ ಅದಕ್ಕಿಂತ ದೊಡ್ಡದು. ಹೊಸನಗರ, ಸೊರಬ, ಶಿರಸಿ, ಎಲ್ಲಿಂದಲೋ ಜನ ನಾಣ್ಯ ಹಿಡಿದು ಬರುತ್ತಾರೆ. ಕೂದಲಿನ ಎಳೆ ಸವೆದಿದೆಯೇ, ಕೆನ್ನೆಯ ಉಬ್ಬು ಚಪ್ಪಟೆಯಾಗಿದೆಯೇ, ಹೊಳಪು ಹುಟ್ಟಿನದೋ ತಿಕ್ಕಿ ಬರಿಸಿದ್ದೋ ಎಂದು ನಾನು ಭೂತಗನ್ನಡಿ ಹಿಡಿದು ನೋಡುತ್ತೇನೆ. ದಪ್ಪ ಪೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಅವರ ಕೈಯಡಿಗೆ ಸರಿಸುತ್ತೇನೆ. ಅವರು ನಾಣ್ಯವನ್ನು ದೀಪದೆದುರು ಹಿಡಿದು, ಯೋಚಿಸುವವರಂತೆ ತಲೆ ತಗ್ಗಿಸಿ ಚೀಟಿ ಓದಿ, ದರ್ಜೆ ಹೇಳುತ್ತಾರೆ.

ನನಗೂ ಅದೇ ಬೇಕಾಗಿತ್ತು. ಬರೆಯುವುದು ನನ್ನದು, ಹೇಳುವುದು ಅವರದು. ಬಿ.ಎ. ಮುಗಿಸಿ ಮೂರು ಕಡೆ ಇಂಟರ್‌ವ್ಯೂಗೆ ಹೋಗಿ ಬಾಯಿ ಒಣಗಿಸಿಕೊಂಡು ಬಂದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಎಲ್ಲಿತ್ತು?

ಇವತ್ತೂ ಆ ಚೀಟಿಯನ್ನೇ ನಂಬಿ ಬಂದಿದ್ದೆ. ಯಾಕೆಂದರೆ ಬೆಳಿಗ್ಗೆ ನನಗೊಂದು ಸಂಗತಿ ಸಿಕ್ಕಿತ್ತು.

*

ಬೆಳಿಗ್ಗೆ ತೀರ್ಥಹಳ್ಳಿಯ ಠಾಣೆಯಲ್ಲಿ ಆಯಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಸೆರಗಿಗೆ ಇನ್ನೂ ಕಾಳುಮೆಣಸಿನ ಸಾರಿನ ವಾಸನೆ. ನನ್ನನ್ನು ಕಂಡು ಅವಳು ಅಳಲಿಲ್ಲ. “ಬಾಣಂತಿಗೆ ಇವತ್ತು ಅಡಿಗೆ ಯಾರು ಮಾಡ್ತ?” ಎಂದು ಕೇಳಿದಳು. ಆಮೇಲೆ, “ಇನ್ನು ಯಾರ ಅಡಿಗೆಮನಿಗೂ ನನ್ನ ಬಿಡ್ತ್ವಿಲ್ಲೆ ಕೂಸೆ,” ಎಂದಳು.

ಅವಳ ಬದುಕೇ ಅಡಿಗೆಮನೆ. ಅಪ್ಪ ಹೋದಮೇಲೆ ಬಾಣಂತನದ ಮನೆಗಳಲ್ಲಿ ಅಡಿಗೆ ಮಾಡಿ ನನ್ನನ್ನು ಓದಿಸಿದವಳು. ‘ಮಹಾಲಕ್ಷ್ಮಕ್ಕನ ಕೈ’ ಎಂದರೆ ಹೊಳೆಯ ಈಚೆ ಆಚೆ ಎರಡೂ ಕಡೆ ಹೆಸರು. ಕಳ್ಳಿ ಎಂಬ ಮಾತು ಅಂಟಿದರೆ, ಕೋರ್ಟು ಬಿಟ್ಟರೂ ಜನ ಬಿಡುವುದಿಲ್ಲ.

ಠಾಣೆಯಿಂದ ನೇರ ನಾಗರತ್ನಮ್ಮನವರ ಮನೆಗೆ ಹೋದೆ. ಆಯಿ ಟ್ರಂಕು ಇಟ್ಟುಕೊಂಡು ಉಳಿದು ಅಡಿಗೆ ಮಾಡುತ್ತಿದ್ದದ್ದು ಅಲ್ಲೇ, ರೂಪಾಯಿ ಕಳುವಾದದ್ದೂ ಅಲ್ಲೇ. ಮನೆಗೆ ಪುರುಡು, ಹೆರಿಗೆಯ ಮೈಲಿಗೆ. ನಾನು ಜಗಲಿಯ ತುದಿಯಲ್ಲಿ ಕೂತೆ, ಅವರು ಹೊಸ್ತಿಲ ಒಳಗೆ ನಿಂತರು.

“ನಿಮ್ಮಮ್ಮನ ಕೈ ಸಾರು ಕುಡಿದೇ ನನ್ನ ಸೊಸೆ ಎದ್ದು ಕೂತದ್ದು. ಅದಕ್ಕೇ ನಂಗೆ ಸಿಟ್ಟು ಜಾಸ್ತಿ,” ಎಂದರು. “ಪುರುಡು ಅಂತ ನಾವ್ಯಾರೂ ದೇವ್ರ ಕೋಣೆಗೆ ಕಾಲಿಟ್ಟಿಲ್ಲ. ಪೂಜೆಗೆ ಹೊರಗಿಂದ ಭಟ್ರು ಬರ್ತಿದ್ರು. ನೈವೇದ್ಯ ಇಡ್ಲಿಕ್ಕೆ ಹೋಗ್ತಿದ್ದೋಳು ನಿಮ್ಮಮ್ಮ ಒಬ್ಳೇ. ದೇವ್ರ ತಟ್ಟೆ ಬರಿದಾಗಿದೆ ಅಂತ ಭಟ್ರೇ ಕಂಡು ಹೇಳಿದ್ದು. ನೀನೇ ಹೇಳು, ನಾ ಎಂತ ತಿಳ್ಕೊಳ್ಳಿ?”

ಕೇಳಬೇಕಾದದ್ದೊಂದನ್ನು ಮಾತ್ರ ಹೇಗೋ ಕೇಳಿದೆ. “ಪೊಲೀಸ್ರು ತಂದ ರೂಪಾಯಿ ಕೈಯಲ್ಲಿ ಹಿಡ್ದು ನೋಡಿದ್ರಾ ಅಮ್ಮಾ?”

“ಪುರುಡಲ್ಲಿ ದೇವ್ರ ತಟ್ಟೇದು ಮುಟ್ಟೋದುಂಟಾ? ಚೀಲದಲ್ಲಿ ತೋರ್ಸಿದ್ರು, ದೂರದಿಂದ್ಲೇ ಕೈ ಮುಗಿದೆ. ಅದೇ ರಾಜ, ಅದೇ ಕಂಪನಿ ರೂಪಾಯಿ. ಹೋಗ್ಲಿ, ಸಿಕ್ತಲ್ಲ. ನಾಳೆ ಪುಣ್ಯಾಹ. ಅಷ್ಟರೊಳಗೆ ಬಿಟ್ಟುಕೊಟ್ರೆ ಮಗೂಗೆ ಬೆಳ್ಳಿ ನೆಕ್ಕಿಸ್ಬೇಕು.”

ನನ್ನ ಮುಖದಲ್ಲಿ ಪ್ರಶ್ನೆ ಕಂಡಿರಬೇಕು. ಒಳಗೆ ಹೋಗಿ ತೇಯುವ ಕಲ್ಲು ತಂದು ಹೊಸ್ತಿಲ ಮೇಲಿಟ್ಟರು. ಅಂಗೈಯಗಲದ ಕರಿಕಲ್ಲು. ನಡುವೆ ಒಂದು ಬೂದು ಗೀರು, ಒಳಗೆ ಇಳಿದು ನುಣುಪಾಗಿತ್ತು.

“ನಾಲ್ಕು ಹನಿ ಜೇನು ಹಾಕಿ, ರೂಪಾಯಿನ ನೆಟ್ಟಗೆ ಹಿಡ್ದು ಇಲ್ಲಿ ತೇಯೋದು. ಈ ಮನೇಲಿ ಹುಟ್ಟಿದ ಎಲ್ಲ ಮಕ್ಳ ನಾಲಿಗೆಗೂ ಆ ಬೆಳ್ಳಿ ಹೋಗಿದೆ. ನನ್ನ ಗಂಡಂಗೆ, ಅವ್ರ ಅಪ್ಪಂಗೆ, ಅವ್ರಿಗೂ ಹಿಂದಿನೋರಿಗೆ. ಎಲ್ಲ ಒಂದೇ ಜಾಗದ್ದು ಹೋಗ್ಬೇಕು. ರಾಜನ ಕತ್ತಿನ ಕೆಳಗಿನ ಅಂಚು. ಬೇರೆ ಬೇರೆ ಕಡೆ ತೇಯ್ದ್ರೆ ಅಣ್ಣ ತಮ್ಮಂದ್ರು ಬೇರೆ ಬೇರೆ ಆಗ್ತಾರೆ ಅಂತ ನಮ್ಮತ್ತೆ ಹೇಳ್ತಿದ್ರು.”

ನಾನು ಬಗ್ಗಿ ಆ ಗೀರನ್ನೇ ನೋಡಿದೆ.

ಅಷ್ಟು ತಲೆಮಾರು ಒಂದೇ ಜಾಗದಲ್ಲಿ ತೇಯ್ದ ಅಂಚು ದುಂಡಗೆ ಉಳಿದಿರಲು ಸಾಧ್ಯವಿಲ್ಲ. ಅಂಚಿನ ಸಣ್ಣ ಗೆರೆಗಳು ಅಲ್ಲಿ ಹೋಗಿರಬೇಕು, ಚಪ್ಪಟೆಯಾಗಿರಬೇಕು. ಆದರೆ ಗುರುತಿಗೆಂದು ಈ ಮನೆಯವರು ಪೊಲೀಸರಿಗೆ ಕೊಟ್ಟ, ಬೆಳಿಗ್ಗೆ ಠಾಣೆಯಲ್ಲಿ ನಾನೂ ನೋಡಿದ ಫೋಟೋದಲ್ಲಿ ಅದು ಕಾಣುತ್ತಿಲ್ಲ. ಕಾಣುವುದಾದರೂ ಹೇಗೆ? ದೀಪಾವಳಿಯ ಪೂಜೆಯಲ್ಲಿ ತೆಗೆದ ಫೋಟೋ. ರೂಪಾಯಿಯನ್ನು ಅಕ್ಕಿಯಲ್ಲಿ ನೆಟ್ಟು ನಿಲ್ಲಿಸಿದ್ದಾರೆ. ರಾಜನ ಕತ್ತಿನ ಕೆಳಭಾಗ ಪೂರ್ತಿ ಅಕ್ಕಿಯೊಳಗೆ.

“ಪೊಲೀಸ್ರಿಗೆ ಕೊಟ್ಟ ಫೋಟೋನೂ ನಿಮ್ಮ ಮೂರ್ತಿಯವ್ರೇ ತೆಗೆದಿದ್ದು,” ಎಂದರು ನಾಗರತ್ನಮ್ಮ, ಕಲ್ಲನ್ನು ಸೆರಗಿನಲ್ಲಿ ಒರೆಸುತ್ತ. “ಪುಣ್ಯಾತ್ಮ. ಮೊನ್ನೆ ಮಗೂನ ನೋಡ್ಲಿಕ್ಕೂ ಬಂದಿದ್ರು. ಮಗೂಗೆ ಹಾಲು ಕುಡ್ಸೋ ಬೆಳ್ಳಿ ಒಳ್ಳೆ ಕೊಟ್ಟು ಹೋದ್ರು. ಪುರುಡು ಅಂತ ಮನೇಲಿ ಕಾಫಿನೂ ಕುಡೀಲಿಲ್ಲ.”

ಆ ಮಾತು ಆಗ ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗ ಅಡಿಕೆ ಮೂಟೆಗಳ ನಡುವೆ ನಿಂತು ದಿನಚರಿಯಲ್ಲಿ ಒಂದೇ ಸಾಲು ಬರೆದೆ: ಅಂಚು ನೋಡಬೇಕು.

*

ಇನ್‌ಸ್ಪೆಕ್ಟರ್ ಚೀಲ ಬಿಚ್ಚಿ ರೂಪಾಯಿಯನ್ನು ಮಖಮಲ್ಲಿನ ಮೇಲೆ ಜಾರಿಸಿದರು.

ಇಕ್ಕಳದಲ್ಲಿ ಅದನ್ನು ಹಿಡಿದೆತ್ತಿದೆ. ಮೊದಲು ಮುಖ ನೋಡಿದೆ. ಅಭ್ಯಾಸ. ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿ ಎದ್ದಿದೆ. ಕೆನ್ನೆ ಸ್ವಲ್ಪವೇ ಸವೆದಿದೆ. ಅಕ್ಷರಗಳ ಸಂದಿಯಲ್ಲಿ ಕುಂಕುಮ. ಆದರೆ ಕುಂಕುಮ ಮೇಲೆ ಕೂತಿದೆ. ಅದರ ಅಡಿಯಲ್ಲಿ ವರ್ಷಗಟ್ಟಲೆ ಯಾರೂ ತೊಳೆಯದ ಕಪ್ಪು. ಹಬ್ಬ ಬಂದಾಗಲೆಲ್ಲ ಅಂಟುವಾಳ ಹಾಕಿ ತಿಕ್ಕುವ ಮನೆಯ ರೂಪಾಯಿಯಲ್ಲಿ ಈ ಕಪ್ಪು ಎಲ್ಲಿಂದ ಬರಬೇಕು?

ನಾಣ್ಯವನ್ನು ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ತಿರುಗಿಸಿದೆ.

ಗೆರೆ, ಗೆರೆ, ಗೆರೆ. ರಾಜನ ನೆತ್ತಿಯ ಮೇಲೆ ಗೆರೆ. ಮೂಗಿನ ಮುಂದೆ ಗೆರೆ. ಕತ್ತಿನ ಕೆಳಗೆ ಕೂಡ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಗೆರೆ. ಎಲ್ಲೂ ಒಂದು ಕೂಡ ಹೋಗಿಲ್ಲ.

ಕಣ್ಣಲ್ಲಿ ನೀರು ತುಂಬಿ ಭೂತಗನ್ನಡಿ ಮಂಜಾಯಿತು. ಆಯಿ ಸಂಜೆ ಮನೆಗೆ ಬರುತ್ತಾಳೆ.

ಚೀಟಿಯಲ್ಲಿ ಎಂದಿಗಿಂತ ದೊಡ್ಡದಾಗಿ ಬರೆದೆ. ‘ಅಂಚು ಪೂರ್ತಿ ಇದೆ. ಆ ಮನೆಯ ರೂಪಾಯಿ ಕತ್ತಿನ ಕೆಳಗೆ ತೇಯ್ದು ಸವೆದದ್ದು. ಇದು ಅದಲ್ಲ.’ ಮೂರ್ತಿ ಮಾವನ ಕೈಯಡಿಗೆ ಸರಿಸಿದೆ.

ಅವರು ರೂಪಾಯಿ ಎತ್ತಿದರು. ತಲೆ ತಗ್ಗಿಸಿದರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ತಗ್ಗಿಸಿದರು.

“ಅದೇ ರೂಪಾಯಿ ಸರ್,” ಎಂದರು. “ಸಂಶಯವೇ ಇಲ್ಲ. ಎಕ್ಸ್‌ಟ್ರಾ ಫೈನ್. ದೇವರ ಮನೇಲಿ ಇದ್ದದ್ದಲ್ವಾ, ಚೆಂದ ಇಟ್ಕೊಂಡಿದಾರೆ.”

ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಅವರಿಗೆ ಅಕ್ಷರ ಕಾಣಲಿಲ್ಲ ಎಂದುಕೊಂಡೆ. ಪೊರೆ ಬಲಿತಿದೆ ಎಂದುಕೊಂಡೆ. ಇನ್ನೊಂದು ಚೀಟಿಗೆ ಕೈ ಚಾಚಿದೆ; ಅವರ ಅಂಗೈ ಬಂದು ಚೀಟಿಯ ಕಟ್ಟಿನ ಮೇಲೆ ಕೂತಿತು. ಭಾರವಾಗಿ, ಹಾಗೇ ಸುಮ್ಮನೆ.

ದೀಪದ ಕುತ್ತಿಗೆ ಹಿಡಿದಿದ್ದ ನನ್ನ ಎಡಗೈ ಜಾರಿತು. ಬೆಳಕು ಓರೆಯಾಗಿ ಅವರ ಬೆರಳುಗಳ ನಡುವಿನ ಬೆಳ್ಳಿಯ ಮೇಲೆ ಬಿತ್ತು. ನೆಟ್ಟಗಿನ ಬೆಳಕಿಗೆ ಕಾಣದ ಒಂದು ಗುರುತು, ರಾಜನ ಮುಖದೆದುರಿನ ಬಯಲಿನಲ್ಲಿ, ಕಂದಾಗಿ ಎದ್ದು ನಿಂತಿತು.

ಹೆಬ್ಬೆರಳಿನ ಸುರುಳಿ. ಸುರುಳಿಯನ್ನು ಅಡ್ಡಲಾಗಿ ಕಡಿದ ಒಂದು ಬಿಳಿ ಗೆರೆ.

ನನ್ನ ಹೆಬ್ಬೆರಳನ್ನು ನಾನು ಮೇಜಿನ ಕೆಳಗೆ ಮುಷ್ಟಿಯೊಳಗೆ ಅಡಗಿಸಿದೆ. ಚಿಕ್ಕಂದಿನಲ್ಲಿ ಅಡಿಕೆ ಸುಲಿಯಲು ಹೋಗಿ ಮೆಟ್ಟುಗತ್ತಿಗೆ ಕೊಟ್ಟ ಬೆರಳು ಅದು. ಗಾಯ ಮಾಗಿ ಗೆರೆ ಉಳಿದಿದೆ.

ಮಳೆಗಾಲದ ಶುರುವಿನಲ್ಲಿ ಬ್ಯಾಕೋಡಿನ ಹಿರಿಯರೊಬ್ಬರು ವಿಲಿಯಂ ರಾಜನ ರೂಪಾಯಿಯೊಂದನ್ನು ಮಾರಲು ತಂದಿದ್ದರು. ಒಂದು ಕೈಯಲ್ಲಿ ಕೊಡೆ ಮಡಚುತ್ತ, “ಹಿಡೀರಿ ತಂಗಿ” ಎಂದು ನನ್ನ ಅಂಗೈಗೇ ಹಾಕಿದ್ದರು. ಬೀಳಬಾರದೆಂದು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ. ದರ್ಜೆ ಎಕ್ಸ್‌ಟ್ರಾ ಫೈನ್ ಎಂದು ಬರೆದದ್ದೂ ನಾನೇ. ಅದು ಈ ಅಂಗಡಿಯ ಕಪಾಟಿನ ಎರಡನೆಯ ಅರೆಯಲ್ಲಿ ಇರಬೇಕಾಗಿತ್ತು. ಮೊನ್ನೆ ಮಗುವನ್ನು ನೋಡಲೆಂದು ಆ ಮನೆಗೆ ಹೋಗಿ ಬಂದವರು ಮೂರ್ತಿ ಮಾವ.

ಇನ್‌ಸ್ಪೆಕ್ಟರರ ಮೊಬೈಲು ಬಡಿದುಕೊಂಡಿತು. “ಠಾಣೆಯಿಂದ,” ಎನ್ನುತ್ತ ಅವರು ಹೊರಗೆ ಹೋದರು. ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

*

“ಎಂತಕ್ಕೆ ಹಂಗೆ ನೋಡ್ತೆ ಕೂಸೆ?”

ಅವರ ದನಿ ಬದಲಾಗಿತ್ತು. ಗಿರಾಕಿಗಳ ಮುಂದಿನ ಕನ್ನಡ ಬಿಟ್ಟು ನಮ್ಮ ಮನೆಮಾತಿಗೆ ಬಂದಿದ್ದರು. ಹಬ್ಬಕ್ಕೆ ಊಟಕ್ಕೆ ಕರೆಯುವಾಗಿನ ದನಿ ಅದು.

ಪೆನ್ನು ಹಿಡಿದು ಮಖಮಲ್ಲಿನ ಪಕ್ಕದ ಹಳೆಯ ಪತ್ರಿಕೆಯ ಅಂಚಿನಲ್ಲಿ ಬರೆದೆ: ‘ಆಯಿ ಕದ್ದಿಲ್ಲ.’

ಅವರು ಬಗ್ಗಿ ಓದಿದರು.

“ಕದ್ದಿದ್ದಿಲ್ಲೆ ಹೇಳಿ ನಂಗಿಂತ ಚೊಲೋ ಯಾರಿಗೆ ಗೊತ್ತಿದ್ದು?”

ನಾನು ಪೆನ್ನು ಕೆಳಗಿಟ್ಟೆ.

“ಈಗ ಕೇಳು,” ಎಂದರು, ಪತ್ರಿಕೆಯ ಆ ಅಂಚನ್ನು ಹರಿದು ಉಂಡೆ ಮಾಡುತ್ತ. “ಆನು ಹೇಳ್ತಿ, ನೀ ಯೋಚ್ನೆ ಮಾಡು. ಕಪಾಟಿನ ಕೀಲಿ ಯಾರತ್ರ ಇದ್ದು? ನನ್ನತ್ರ ಒಂದು, ನಿನ್ನತ್ರ ಒಂದು. ಈ ರೂಪಾಯಿ ನಮ್ಮ ಅಂಗಡೀದು ಹೇಳಿ ನೀ ಹೇಳಿದ್ರೆ ಆ ಪೊಲೀಸು ಎಂತ ತಿಳ್ಕತ್ತ? ಆಯಿ ಕದ್ತು, ಮಗಳು ಬದ್ಲಿ ಇಡಲೆ ಅಂಥದ್ದೇ ಇನ್ನೊಂದು ತಂದ್ಕೊಟ್ತು. ಇಬ್ರೂ ಒಳಗೆ.”

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅದೇ ನನ್ನನ್ನು ಕುರ್ಚಿಗೆ ಅಂಟಿಸಿತು. ನಾನು ಪೊಲೀಸ್ ಆಗಿದ್ದರೂ ಹಾಗೇ ತಿಳಿಯುತ್ತಿದ್ದೆ.

“ಸುಮ್ಮಂಗಿರು. ನಾಗರತ್ನಮ್ಮಂಗೆ ಆನೇ ಹೇಳ್ತಿ, ರೂಪಾಯಿ ಸಿಕ್ತಲ, ಕೇಸು ವಾಪಸ್ ತಗಳಿ ಹೇಳಿ. ನನ್ನ ಮಾತು ತೆಗೀತ್ವಿಲ್ಲೆ. ಆಯಿ ಮನಿಗೆ ಬತ್ತು. ನಾಲ್ಕು ದಿನ ಜನ ಮಾತಾಡ್ತ, ಆಮೇಲೆ ಮರೀತ. ನೀ ಮಾತಾಡಿದ್ರೆ ಯಾರೂ ಬತ್ವಿಲ್ಲೆ.”

ಅವರು ನನ್ನ ತಲೆ ನೇವರಿಸಿದರು. ಆ ಕೈಯನ್ನು ತಳ್ಳಬೇಕೆನಿಸಿತು. ತಳ್ಳಲಿಲ್ಲ.

ಒಂದು ಪ್ರಶ್ನೆ ಮಾತ್ರ ತಲೆಯೊಳಗೆ ಜೀರುಂಡೆಯ ಹಾಗೆ ಕೊರೆಯುತ್ತಿತ್ತು. ಅಂಚು ತೇಯ್ದ, ತಿಕ್ಕಿ ತಿಕ್ಕಿ ಮುಖ ಸವೆದ ಆ ರೂಪಾಯಿಗೆ ಯಾವ ದರ್ಜೆಯೂ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ಕರಗಿಸುವ ಬೆಳ್ಳಿ. ಒಳ್ಳೆಯದನ್ನು ಇಟ್ಟು ಕೆಟ್ಟದ್ದನ್ನು ಒಯ್ಯುವ ಕಳ್ಳ ಎಲ್ಲಿದ್ದಾನೆ? ನಾಣ್ಯ ನೋಡಿಯೇ ಕೂದಲು ಬೆಳ್ಳಗಾದ ಈ ಮನುಷ್ಯನಿಗೆ ಆ ಸವೆದ ರೂಪಾಯಿ ಯಾಕೆ ಬೇಕಾಗಿತ್ತು? ಪೊರೆ ಬಂದ ಕಣ್ಣಿಗೆ ಅದು ಅಪರೂಪದ್ದೆಂದು ಕಂಡಿತೇ?

ಬಾಗಿಲು ತೆರೆಯಿತು.

ಇನ್‌ಸ್ಪೆಕ್ಟರ್ ಕೂರಲಿಲ್ಲ. ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೂರ್ತಿ ಮಾವನ ಮುಂದಿಟ್ಟರು. “ಅದೇ ರೂಪಾಯಿ ಅಂತ ಎರಡು ಸಾಲು ಬರ್ದು ಸಹಿ ಹಾಕಿ. ಕೆಲ್ಸ ಸಲೀಸಾಯ್ತು.” ಆಮೇಲೆ ನನ್ನ ಕಡೆ ತಿರುಗಿ, ದನಿ ಸ್ವಲ್ಪ ಇಳಿಸಿದರು. “ನಿಮ್ಮಮ್ಮ ಒಪ್ಕೊಂಡ್ರಂತೆ.”

ನನಗೆ ಅರ್ಥವಾಗಲಿಲ್ಲ.

“ತಾನೇ ತಗೊಂಡೆ ಅಂತ ಹೇಳಿಕೆ ಕೊಡ್ತೀನಿ ಅಂದ್ರಂತೆ. ಒಂದೇ ಬೇಡಿಕೆಯಂತೆ. ನಾಳೆ ಪುಣ್ಯಾಹದೊಳಗೆ ರೂಪಾಯಿ ಆ ಮನೆಗೆ ವಾಪಸ್ ಹೋಗ್ಬೇಕಂತೆ. ಮಗು ನಾಲಿಗೆಗೆ ಬೆಳ್ಳಿ ತಾಗ್ದೆ ಇರ್ಬಾರ್ದಂತೆ.” ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. “ಕಳ್ಳರು ಇಂಥ ಬೇಡಿಕೆ ಇಟ್ಟಿದ್ದು ನಾ ಕೇಳಿಲ್ಲ. ಆದ್ರೆ ನಾ ಎಂತ ಮಾಡ್ಲಿ? ಒಂದು ಕಡೆ ಹೇಳಿಕೆ, ಇನ್ನೊಂದು ಕಡೆ ಇವ್ರ ಸಹಿ.”

ಮೂರ್ತಿ ಮಾವ ಪೆನ್ನಿನ ಮುಚ್ಚಳ ತೆಗೆದರು. ಹಾಳೆಯ ಮೇಲೆ ಬೆರಳಿಟ್ಟು ಸಾಲು ಹುಡುಕತೊಡಗಿದರು.

ಆಯಿ ಆ ಬೆಂಚಿನ ತುದಿಯಲ್ಲಿ ಕೂತು ಯಾರದೋ ಮಗುವಿಗಾಗಿ ಕಳ್ಳಿಯಾಗುತ್ತಿದ್ದಾಳೆ. ನಾಳೆ ಬೆಳಿಗ್ಗೆ ಆ ಮಗುವಿಗೆ ಈ ರೂಪಾಯಿಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುತ್ತಾರೆ. ಅದರ ಅಪ್ಪನ ನಾಲಿಗೆಗೆ, ಅಜ್ಜನ ನಾಲಿಗೆಗೆ ಎಂದೂ ತಾಗದ ಬೆಳ್ಳಿ. ನನ್ನ ಬೆವರು ಕುಡಿದ ಬೆಳ್ಳಿ.

ಪೆನ್ನಿನ ಮೊನೆ ಹಾಳೆಗೆ ತಾಗಿತು.

ಬರೆಯಲು ನನ್ನ ಮುಂದೆ ಚೀಟಿ ಇರಲಿಲ್ಲ. ಬರೆದರೆ ಓದುವವರು ಅವರೇ.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಇಬ್ಬರೂ ತಲೆಯೆತ್ತಿದರು. ದೀಪವನ್ನು ಓರೆ ಮಾಡಿ, ಮುಷ್ಟಿ ಬಿಚ್ಚಿ, ಬೆವರುವ ಹೆಬ್ಬೆರಳನ್ನು ರೂಪಾಯಿಯ ಪಕ್ಕದಲ್ಲಿ ಮಖಮಲ್ಲಿನ ಮೇಲೆ ಇಟ್ಟೆ.

“ಕೂಸೆ,” ಎಂದರು ಮೂರ್ತಿ ಮಾವ, ಮೆಲ್ಲಗೆ.

“ಸರ್,” ಎಂದೆ. ದನಿ ಯಾರದೋ ಅನ್ನಿಸಿತು. “ಇದು ಆ ಮನೆ ರೂಪಾಯಿ ಅಲ್ಲ. ಇದು ಈ ಅಂಗಡೀದು. ಇದ್ರ ಮೇಲಿರೋದು ನನ್ನ ಹೆಬ್ಬೆರಳು.”